ಎರಡು ಜಾತಿಯ ಮದ್ದು

ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಮಂಗಳೂರಿನಿಂದ ಕುಂದಾಪುರದವರೆಗೆ ಯಾರನ್ನು ಕೇಳಿದರೂ ಇದರಲ್ಲಿ ಗೊಂದಲವೇನೂ ಇಲ್ಲ ಎನ್ನುತ್ತಾರೆ. ಕೆಮ್ಮುವವನಿಗೆ ಯಾರೂ ಕೋವಿಯ ಮದ್ದು ಕುಡಿಸುವುದಿಲ್ಲವಲ್ಲ. ಗೊಂದಲ ಇರುವುದು ಬೇರೆ ಕಡೆ. ಅದು ನನಗೆ ತಿಳಿದದ್ದು ಲೀಡ್ಸ್‌ನ ಆಚೆ ಒಂದು ಕುರಿ ಗುಡ್ಡದ ಮೇಲೆ. ನಾನೇ ಕೈಯಾರೆ ಮಾಡಿದ ಕೋವಿಯ ತೋಟೆ ನನ್ನ ಸೋದರಮಾವನ ಮುಖವನ್ನು ಕಿತ್ತುಕೊಂಡು ಹೋಗುವುದಕ್ಕೆ ಆಗ ಒಂದು ಬೆರಳು ಒತ್ತುವುದು ಮಾತ್ರ ಬಾಕಿ ಇತ್ತು. ಈಗಲೂ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಸಿಟ್ಟು ಬರುತ್ತದೆ, ಅಷ್ಟೆ.

ಸಿಟ್ಟು ನನಗೆ ಹೊಸದಲ್ಲ. ರೈಫಲ್ ಲೈಸೆನ್ಸಿಗೆ ಅರ್ಜಿ ಹಾಕಿದಾಗ ಪೊಲೀಸ್ ಇಲಾಖೆಯಿಂದ ಒಬ್ಬ ಹೆಂಗಸು ಮನೆಗೆ ಬಂದು, ಕಬ್ಬಿಣದ ಕಪಾಟು ಗೋಡೆಗೆ ಸರಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿ, ಚಹಾ ಕುಡಿಯುತ್ತ, ನಿಮಗೆ ಬೇಗ ಸಿಟ್ಟು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ನಿಮಗೆ ಬರುವುದಿಲ್ಲವೇ ಎಂದೆ. ಪಕ್ಕದಲ್ಲಿದ್ದ ನನ್ನ ಗಂಡ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. ಆಕೆ ನಕ್ಕಳು. ಲೈಸೆನ್ಸ್ ಬಂತು. ಗಂಡ ಮೈಸೂರಿನವನು, ಮೊಟ್ಟೆ ಒಡೆದ ವಾಸನೆಗೂ ಕಿಟಕಿ ತೆಗೆಯುವ ಜಾತಿ. ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಒಂದಕ್ಕೊಂದು ಅಂಟಿದ ಸಾಲಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ ಜಾಗದಲ್ಲಿ, ನಾನು ತೋಟೆ ತುಂಬುವ ಮೇಜು ಹಾಕಿಕೊಂಡ ಮೇಲೆ ಅವನು ಆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟ. ಬೆಳಗ್ಗೆ ಕೆಲಸಕ್ಕೆಂದು ಮೀಡಿಯಾಸಿಟಿಗೆ ರೈಲು ಹಿಡಿಯುವಾಗ ಬಾಗಿಲಲ್ಲಿ ನಿಂತು, "ಮನೆ ಹಾರಿಹೋದ್ರೆ ನಂಗೊಂದು ಮೆಸೇಜ್ ಹಾಕ್ಬಿಡು, ಅಲ್ಲೇ ರೂಮ್ ನೋಡ್ಕೋತೀನಿ" ಎನ್ನುತ್ತಿದ್ದ.

ನಾನು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಡಾಕ್ಟರು. ಶನಿವಾರ ಬಂತೆಂದರೆ ಮುಖಕ್ಕೆ ಗ್ಲಾಸು ಹೊಡೆಸಿಕೊಂಡವರು, ಮೂಗು ಮುರಿದವರು, ಇನ್ನೊಬ್ಬನ ಹಲ್ಲು ಮುರಿದು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡವರು. ಒಬ್ಬನನ್ನು ಹೊಲಿದು ಮುಗಿಸುವಷ್ಟರಲ್ಲಿ ಅವನನ್ನು ಹೊಡೆದವನೂ ಪಕ್ಕದ ಪರದೆಯ ಹಿಂದೆ ಬಂದು ಕೂತಿರುತ್ತಾನೆ. ಹಾಗೆ ಒಂದು ದಿನ ಗೇಟಿಗೆ ಕೈ ಸಿಕ್ಕಿಸಿಕೊಂಡ ಒಬ್ಬ ಕುರಿ ಸಾಕುವ ಮುದುಕ ಬಂದ. ಬೆರಳಿಗೆ ಹೊಲಿಗೆ ಹಾಕುತ್ತಿದ್ದರೆ ಅವನು ನೋವಿಗೆ ಹಾ ಎನ್ನಲಿಲ್ಲ, ನರಿಗಳನ್ನು ಬೈಯುತ್ತ ಕೂತ. ನನ್ನ ಹತ್ತಿರ ರೈಫಲ್ ಇದೆ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೀನಾ ಎಂದ. ನಾನೇ ಎಂದೆ.

ಮರಿ ಹಾಕುವ ಕಾಲದಲ್ಲಿ ಅವನ ಗುಡ್ಡಕ್ಕೆ ಹೋಗಿ ನೋಡಿದವರು ನರಿಯನ್ನು ಚಂದ ಎನ್ನುವುದಿಲ್ಲ. ತಾಯಿಯ ಹೊಟ್ಟೆಯಿಂದ ತಲೆ ಮಾತ್ರ ಹೊರಬಂದಿದ್ದ ಒಂದು ಮರಿಯ ಮೂತಿಯನ್ನು, ಅದು ಪೂರ್ತಿ ಹುಟ್ಟುವ ಮೊದಲೇ ನರಿ ತಿಂದು ಮುಗಿಸಿತ್ತು. ಕುರಿ ನಿಂತೇ ಇತ್ತು, ತಿರುಗಿ ತಿರುಗಿ ನೆಕ್ಕಲು ನೋಡುತ್ತಿತ್ತು. ಮುದುಕ ಮರಿಯನ್ನು ಎಳೆದು ತೆಗೆದು ಕಲ್ಲಿನ ಗೋಡೆಗೆ ಅಪ್ಪಳಿಸಿ ಅದರ ಸಂಕಟ ಮುಗಿಸಿದ.

ನನ್ನದು ಸಣ್ಣ ನಳಿಗೆಯ ರೈಫಲ್. ನರಿಗೆ, ಗಿಡ್ಡ ಜಾತಿಯ ಜಿಂಕೆಗೆ ಸಾಕು. ಗುಂಡು ಕಡಲೆಕಾಳಿಗಿಂತ ಸ್ವಲ್ಪ ಉದ್ದ, ಹೋಗುವ ವೇಗ ಮಾತ್ರ ಭಯಂಕರ. ಆದರೆ ಅಂಗಡಿಯ ತೋಟೆ ನನ್ನ ನಳಿಗೆಗೆ ಹಿಡಿಸಲೇ ಇಲ್ಲ. ಗುರಿಯ ಕಾಗದಕ್ಕೆ ಹೊಡೆದರೆ ತೂತುಗಳು ಅಂಗೈಯಗಲಕ್ಕೆ ಚೆಲ್ಲಾಪಿಲ್ಲಿ. ನರಿಯ ಎದೆ ಇರುವುದೇ ಒಂದು ಮುಷ್ಟಿಯಷ್ಟು. ಮೊದಲನೆಯ ನರಿಗೆ ಎದೆಗೆ ಇಟ್ಟ ಗುರಿ ದವಡೆಗೆ ಹೋಯಿತು. ಕೆಳದವಡೆ ನೇತಾಡುತ್ತ ಅದು ಸುತ್ತು ಸುತ್ತು ತಿರುಗಿತು, ಮಕ್ಕಳು ಕಿರುಚುವ ಹಾಗೆ ಕಿರುಚಿತು, ಎರಡನೆಯ ಗುಂಡು ಬೀಳುವವರೆಗೆ. ಮನೆಗೆ ಬಂದು ಉಳಿದ ತೋಟೆಗಳ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದೆ. ಇನ್ನು ನನ್ನ ತೋಟೆ ನಾನೇ ಮಾಡುತ್ತೇನೆ ಎಂದು ಆ ದಿನವೇ ತೀರ್ಮಾನವಾಯಿತು.

ತೋಟೆ ಮಾಡುವುದು ಅಡಿಗೆಯಲ್ಲಿ ಪಳಗಿದವರಿಗೆ ಕಷ್ಟವಲ್ಲ. ಹೊಡೆದು ಮುಗಿದ ಹಿತ್ತಾಳೆಯ ಚಿಪ್ಪನ್ನು ತೊಳೆದು, ಒತ್ತಿ ಮತ್ತೆ ಅಳತೆಗೆ ತಂದು, ಹಿಂದೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತುವುದು. ಸಹನೆ ಬೇಕಾಗುವುದು ಆಮೇಲೆ. ಸಾಸಿವೆಕಾಳಿನಷ್ಟು ಮದ್ದು ಹೆಚ್ಚಿಸಿ ಒಂದು ಸಾಲು, ಇನ್ನಷ್ಟು ಹೆಚ್ಚಿಸಿ ಇನ್ನೊಂದು ಸಾಲು. ಕ್ಲಬ್ಬಿಗೆ ಹೋಗಿ ಒಂದೊಂದೇ ಸಾಲನ್ನು ಹೊಡೆದು, ತೂತುಗಳು ಯಾವಾಗ ಒಂದರ ಮೇಲೊಂದು ಕೂರುತ್ತವೆ ಎಂದು ನೋಡುವುದು. ಪ್ರತಿ ನಳಿಗೆಗೂ ಅದರದೇ ರುಚಿ ಇರುತ್ತದೆ. ಅದು ಸಿಗುವವರೆಗೆ ಬಿಡಬಾರದು, ಆತುರಪಡಬಾರದು. ಸಿಟ್ಟಿನವಳಾದ ನಾನು ಬದುಕಿನಲ್ಲಿ ಆತುರಪಡದೆ ಮಾಡಿದ ಕೆಲಸ ಅದೊಂದೇ ಇರಬೇಕು.

ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನ್ ಬಂತು. ನಿನ್ನ ಮಾವನನ್ನು ಒಂದಷ್ಟು ತಿಂಗಳು ಅಲ್ಲಿಗೆ ಕರೆಸಿಕೋ, ಇಲ್ಲಿದ್ದರೆ ಯಾರನ್ನಾದರೂ ಕೊಂದೇ ಬಿಡುತ್ತಾರೆ ಎಂದಳು. ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಬಂಟರಲ್ಲಿ ತಾಯಿಯ ಅಣ್ಣನಿಗೆ ಅಪ್ಪನಿಗಿಂತ ಒಂದು ತೂಕ ಹೆಚ್ಚು. ನನಗೆ ಕೋವಿ ಹಿಡಿಯಲು ಕಲಿಸಿದ್ದು, ಹಂದಿಯ ಎದೆ ಎಲ್ಲಿದೆ ಎಂದು ತೋರಿಸಿದ್ದು, ತುಳುವಿನಲ್ಲಿ ಬೈಯಲು ಕಲಿಸಿದ್ದು ಎಲ್ಲ ಅವರೇ. ಚುನಾವಣೆ ಬಂದಾಗ ಎಲ್ಲರ ಹಾಗೆ ತಮ್ಮ ಕೋವಿಯನ್ನು ಠಾಣೆಯಲ್ಲಿ ಇಟ್ಟರು. ವಾಪಸು ತರುವ ಮೊದಲೇ ಬೇಲಿಯ ಜಗಳದಲ್ಲಿ ಪಕ್ಕದ ಗದ್ದೆಯವನ ಕೈ ಮುರಿದರು. ಕೇಸಾಯಿತು. ಕೋವಿ ಬರಲಿಲ್ಲ. ಕೋವಿ ಇಲ್ಲದ ಮಾವ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಬೈಯುತ್ತಿದ್ದರಂತೆ.

ಬಂದರು. ಬಂದ ಮೂರನೆಯ ದಿನ ನೆಲಮಾಳಿಗೆ ಇಳಿದು, ನಾನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮದ್ದು ತೂಗುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ನೀನು ಎಂತ ಮಾರಾಯ್ತಿ, ಮದ್ದು ತೂಗುವುದಾ, ಚಿನ್ನ ತೂಗುವುದಾ?"

ಅವರದು ಕೇಪಿನ ಕೋವಿಯ ಕಾಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಎಂಬ ಸರಳಿನಿಂದ ಜಡಿದು, ಗಜ ಎಷ್ಟು ಬೆರಳು ಹೊರಗೆ ಉಳಿಯುತ್ತದೆ ಎಂದು ಅಳೆದರೆ ಮುಗಿಯಿತು. ಹಕ್ಕಿಗೆ ಎರಡು ಬೆರಳು ಈಡು, ಹಂದಿಗೆ ನಾಲ್ಕು. ಮದ್ದಿನಲ್ಲಿ ಜಾತಿ ಇಲ್ಲ, ಹೆಚ್ಚು ಕಡಿಮೆ ಮಾತ್ರ. ನಾನು ಕಾಗದದ ಮೇಲೆ ಚಿತ್ರ ಬರೆದು ವೇಗ, ಒತ್ತಡ ಎಂದೆಲ್ಲ ವಿವರಿಸಿದರೆ ಅವರು ಆಕಳಿಸಿದರು. ಅದನ್ನು ಕಂಡು ನಾನು ಕಿರುಚಿದೆ, ಅವರೂ ಕಿರುಚಿದರು. ಮೇಲಿನಿಂದ ಗಂಡ ನೆಲಕ್ಕೆ ಕಾಲು ಕುಟ್ಟಿದ.

ಆದರೂ ಅವರು ಮರುದಿನ ಇಳಿದರು, ಅದರ ಮರುದಿನವೂ. ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಚಿಪ್ಪು ತೊಳೆಯುವುದು, ಒರೆಸುವುದು, ಮದ್ದು ಸುರಿಯುವ ಯಂತ್ರದ ಡಬ್ಬಿ ಖಾಲಿಯಾದರೆ ತುಂಬಿಸುವುದು ಅವರ ಕೆಲಸವಾಯಿತು. ಹಿಡಿ ಎಳೆದು, ಬಿದ್ದ ಮದ್ದನ್ನು ತೂಗುವುದು ನನ್ನದು. ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ ಇರಬೇಕು, ಅದು ನನ್ನ ಕಟ್ಟುನಿಟ್ಟು. ಕ್ಲಬ್ಬಿನ ಒಬ್ಬ ವಯಸ್ಸಾದವನು ಚರೆ ಹಾರಿಸುವ ಬಂದೂಕಿನ ಆಟ ಬಿಡುವಾಗ ತನ್ನ ಬಂದೂಕಿನ ಮದ್ದನ್ನು ನನಗೆ ದಾನ ಮಾಡಿದ್ದ. ನನಗೆ ಅದು ಬೇಡ, ಬಿಸಿಲು ಬಂದ ದಿನ ಹಿತ್ತಲಲ್ಲಿ ಸುಟ್ಟುಬಿಡೋಣ ಎಂದು ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ಲೀಡ್ಸ್‌ನಲ್ಲಿ ಬಿಸಿಲು ಬರುವುದೇ ಅಪರೂಪ, ನನ್ನ ಪಾಳಿಯ ಪಟ್ಟಿಯಲ್ಲಿ ಅದೇ ದಿನ ರಜೆ ಬರುವುದು ಇನ್ನೂ ಅಪರೂಪ. ಆ ಬಂದೂಕಿನ ಮದ್ದು ಭಗ್ಗನೆ ಒಮ್ಮೆಲೇ ಉರಿಯುವಂಥದ್ದು. ರೈಫಲ್ಲಿನ ಮದ್ದು ನಿಧಾನವಾಗಿ ಉರಿದು ಗುಂಡನ್ನು ತಳ್ಳಿಕೊಂಡು ಹೋಗುತ್ತದೆ. ಇದರ ಜಾಗಕ್ಕೆ ಅದು ಬಿದ್ದರೆ ಗುಂಡು ಮುಂದೆ ಹೋಗುವ ಮೊದಲೇ ಕೋವಿ ಹಿಂದಕ್ಕೆ ಒಡೆಯುತ್ತದೆ. ಹಿಂದೆ ಇರುವುದು ಹೊಡೆಯುವವನ ಕಣ್ಣು, ಕೆನ್ನೆ. ಅಂಥ ಒಂದು ಮುಖವನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಹೊಲಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಮಾವನಿಗೆ ಮೇಲಿನ ಡಬ್ಬಿ ತೋರಿಸಿ, ಅದು ಬೇರೆ ಮದ್ದು, ಮುಟ್ಟಬೇಡಿ ಎಂದೆ. ಬೇರೆ ಎಂದರೆ ಬೇರೆಯವರದ್ದು ಎಂದು ಅವರಿಗೆ ಅರ್ಥವಾಯಿತು. ಬೇರೆಯವರು ಕೊಟ್ಟಾಗಿದೆ, ಇನ್ನು ಅದು ನಮ್ಮದೇ ತಾನೆ.

ಒಂದು ಭಾನುವಾರ ಕ್ಲಬ್ಬಿನಲ್ಲಿ ನನ್ನ ನಳಿಗೆಯ ರುಚಿ ಸಿಕ್ಕಿತು. ಹೊಡೆದ ಮೂರೂ ಗುಂಡು ಒಂದೇ ತೂತಿನಲ್ಲಿ ಹೋದ ಹಾಗೆ, ಕಾಗದದಲ್ಲಿ ಎಲೆಯ ಆಕಾರದ ಒಂದು ಹರಕು. ನಾನು ಕುಣಿದೆ. ಮಾವ ಆ ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮಡಚಿ ಕಿಸೆಗೆ ಹಾಕಿಕೊಂಡರು. ಹೊಗಳಲಿಲ್ಲ. ದಾರಿಯಲ್ಲಿ ಕಾರಿನ ಕಿಟಕಿ ನೋಡುತ್ತ, ಒಂದು ಈಡು ನನಗೂ ಕೊಡು, ಸಾಯುವ ಮೊದಲು ಒಂದು ಎಂದರು. ಕೇಳುವ ಅಭ್ಯಾಸವೇ ಇಲ್ಲದ ಮನುಷ್ಯ ಕೇಳಿದ್ದು. ಜಮೀನಿನವನು ಒಪ್ಪಿ, ಲೈಸೆನ್ಸ್ ಇರುವ ನಾನು ಪಕ್ಕದಲ್ಲೇ ಇದ್ದರೆ ಅತಿಥಿ ಹೊಡೆಯಬಹುದು ಎಂದು ಇಲ್ಲಿಯ ಕಾನೂನು. ಕುರಿಯ ಮುದುಕನಿಗೆ ಫೋನ್ ಮಾಡಿದೆ. ನರಿ ಸಾಯುವುದಾದರೆ ಯಾರು ಹೊಡೆದರೂ ನನಗೇನು ಎಂದ.

ಆ ವಾರವೇ ಹೊಸ ಸಾಲು ತುಂಬಿದೆ. ಒಂದಷ್ಟು ಗುಡ್ಡಕ್ಕೆ, ಉಳಿದದ್ದು ಮುಂದಿನ ದಿನ ಕ್ಲಬ್ಬಿನಲ್ಲಿ ನಾನು ಹೊಡೆಯಲು. ಮಾವ ಯಂತ್ರಕ್ಕೆ ಮದ್ದು ತುಂಬಿಸಿದರು, ನಾನು ಎಳೆದು ತೂಗಿದೆ. ತೂಕ ಕೂದಲಿನಷ್ಟೂ ಆಚೀಚೆ ಇರಲಿಲ್ಲ. ನೆಲಮಾಳಿಗೆಯ ಆ ಬೆಳಕಿನಲ್ಲಿ ಮದ್ದಿನ ಕಾಳೆಲ್ಲ ಕಪ್ಪೇ.

ಗುಡ್ಡಕ್ಕೆ ಹೋದದ್ದು ಬೆಳಕು ಹರಿಯುವ ಹೊತ್ತಿಗೆ. ಮುದುಕ ಕಲ್ಲಿನ ಗೋಡೆ ಕುಸಿದ ಒಂದು ಸಂದಿಯ ಹಿಂದೆ ನಮಗೆ ಜಾಗ ತೋರಿಸಿ ತಾನು ಸ್ವಲ್ಪ ಆಚೆ ಕೂತ. ಮಾವ ಒದ್ದೆ ಹುಲ್ಲಿನಲ್ಲಿ ಅಂಗಾತ ಬಿದ್ದು ಬೆನ್ನು ನೇರ ಮಾಡಿಕೊಂಡು, ಆಮೇಲೆ ಬೋರಲಾಗಿ ಚೀಲದ ಮೇಲೆ ರೈಫಲ್ ಇಟ್ಟು ಕೆನ್ನೆ ಒತ್ತಿದರು. ಎಪ್ಪತ್ತು ದಾಟಿದ ಮೈ ಒಂದು ಕ್ಷಣದಲ್ಲಿ ನೆಲದ ಹಾಗೆ ಅಲುಗಾಡದೆ ನಿಂತಿತು. ನಾನು ತೋಟೆ ಒಳಗೆ ತಳ್ಳಿ ಕೊಟ್ಟೆ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಕೆಂಪು ನರಿ ಎದುರಿನ ಗೋಡೆಯ ಬುಡದಲ್ಲೇ ಬಂದು, ಆಗಷ್ಟೇ ಎದ್ದು ನಿಲ್ಲಲು ನೋಡುತ್ತಿದ್ದ ಒಂದು ಮರಿಯ ಕುತ್ತಿಗೆಗೆ ಬಾಯಿ ಹಾಕಿತು. ಮರಿ ಕೂಗಿತು. ಕುರಿ ಓಡಿ ಬಂದು ಕಾಲು ಬಡಿಯಿತು.

ಮಾವ ಎಡಗೈಯಿಂದ ಜಾಕೀಟಿನ ಕಿಸೆಯ ಡಬ್ಬಿ ತೆಗೆದು ಗೋಡೆಯ ಕಲ್ಲಿನ ಮೇಲಿಟ್ಟು, ಅದರೊಳಗಿನ ಹೊಗೆಸೊಪ್ಪಿನ ಒಂದು ಚೂರನ್ನು ಕೆನ್ನೆಯೊಳಗೆ ಒತ್ತಿಕೊಂಡರು. ಬೇಟೆಯಲ್ಲಿ ಅವರಿಗೆ ಹೊಗೆಸೊಪ್ಪು ಬೇಕೇ ಬೇಕು. ನಾನು ಡಬ್ಬಿ ನೋಡಿದೆ. ಚೀಟಿ ಕೆರೆದು ತೆಗೆದ, ಕೆಂಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಕ್ಲಬ್ಬಿನವನು ಕೊಟ್ಟದ್ದು. ಮೇಲಿನ ಹಲಗೆಯದ್ದು.

"ಮಾವ, ಇದರಲ್ಲಿ ಇದ್ದ ಮದ್ದು ಎಂತ ಮಾಡಿದ್ರಿ?"

"ದೊಡ್ಡ ಡಬ್ಬಿಗೆ ಸೇರಿಸಿದೆ. ಸುಮ್ಮನೆ ಹಾಳಾಗುದಲ್ಲ." ಕಣ್ಣು ರೈಫಲ್ಲಿನ ಮೇಲಿನ ದುರ್ಬೀನಿನಲ್ಲೇ ಇತ್ತು. ಬೆರಳು ಟ್ರಿಗರಿಗೆ ಹೋಗುತ್ತಿತ್ತು.

ಬೇಡ ಎಂದೆ. ಮರಿಯನ್ನು ನರಿ ಎಳೆಯುತ್ತಿರುವಾಗ ಬೇಡ ಎಂದರೆ ಕೇಳುವ ಬೇಟೆಗಾರ ಈ ಪ್ರಪಂಚದಲ್ಲಿ ಇಲ್ಲ. ನಾನು ಮಾವನ ಕೆನ್ನೆಗೆ ಹೊಡೆದೆ. ತಟ್ಟಿದ್ದಲ್ಲ, ತಳ್ಳಿದ್ದಲ್ಲ. ಮುಷ್ಟಿ ಕಟ್ಟಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ತಲೆ ರೈಫಲ್ಲಿನಿಂದ ಆಚೆ ಹಾರಿತು. ಅವರ ಬಲಗೈಯ ಮೇಲೆ ಮಂಡಿಯೂರಿ ಕೂತು ಬೆರಳುಗಳನ್ನು ಒಂದೊಂದಾಗಿ ಕಿತ್ತು, ಬೋಲ್ಟ್ ಎಳೆದು ತೋಟೆಯನ್ನು ಹೊರಗೆ ಬೀಳಿಸಿದೆ. ನರಿ ಮರಿಯ ಸಮೇತ ಹೋಯಿತು.

ಮಾವ ಎದ್ದರು. ಬಾಯಿಂದ ಹೊಗೆಸೊಪ್ಪಿನ ಜೊತೆ ರಕ್ತ ಉಗುಳಿದರು. ಮರುಕ್ಷಣ ಅವರ ಹಿಂಗೈಯ ಏಟು ನನ್ನ ಮುಖಕ್ಕೆ ಬಿತ್ತು. ಬಿದ್ದೆ. ಗೋಡೆಯ ಕಲ್ಲು ಹುಬ್ಬಿಗೆ ತಾಗಿ ಕಣ್ಣಿಗೆ ರಕ್ತ ಇಳಿಯಿತು. ಇನ್ನೊಂದು ಏಟಿಗೆ ಅವರ ಕೈ ಎದ್ದಾಗ ಮುದುಕ ಹಿಂದಿನಿಂದ ಬಂದು ಅವರನ್ನು ತಬ್ಬಿ ಹಿಡಿದ. ಇಬ್ಬರು ವಯಸ್ಸಾದ ಗಂಡಸರು ಕೆಸರಿನಲ್ಲಿ ಗುದ್ದಾಡಿದರು, ಒಬ್ಬ ಯಾರ್ಕ್‌ಷೈರಿನ ಭಾಷೆಯಲ್ಲಿ ಬೈಯುತ್ತ, ಇನ್ನೊಬ್ಬ ತುಳುವಿನಲ್ಲಿ. ಬಿಡಿಸಲು ನನಗೆ ಮನಸ್ಸೇ ಬರಲಿಲ್ಲ.

ಏದುಸಿರು ನಿಂತ ಮೇಲೆ ನಾನು ಹೇಳಿದೆ. ಎರಡು ಮದ್ದು ಬೆರೆತಿದೆ, ಹೊಡೆದಿದ್ದರೆ ನಿಮ್ಮ ಮುಖ ಹೋಗುತ್ತಿತ್ತು ಎಂದೆ. ಮಾವ ನಂಬಲಿಲ್ಲ. ಎರಡು ಜಾತಿಯ ಮದ್ದು ಎಂದು ಎಲ್ಲಿಯಾದರೂ ಉಂಟಾ, ಮದ್ದು ಮದ್ದೇ ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನನಗೆ ಕೈ ಮಾಡಬೇಕು ಅಂತ ನಿನಗೆ ಎಷ್ಟು ವರ್ಷದಿಂದ ಇತ್ತು? ಅದನ್ನು ಹೇಳು. ಮದ್ದಿನ ಕತೆ ಕಟ್ಟಬೇಡ."

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಕತೆಯಾ, ನೋಡಿ ಹಾಗಾದರೆ ಎಂದೆ. ಮುದುಕನ ಹತ್ತಿರ ಹಗ್ಗ ಕೇಳಿದೆ. ರೈಫಲ್ಲನ್ನು ಗೋಡೆಯ ಆಚೆಗೆ ಒಯ್ದು, ಎರಡು ಹಳೆಯ ಟೈರುಗಳ ನಡುವೆ ಸಿಕ್ಕಿಸಿ, ಬಾಯಿಯನ್ನು ಎದುರಿನ ಮಣ್ಣಿನ ದಿಬ್ಬಕ್ಕೆ ತಿರುಗಿಸಿ ಬಿಗಿದು ಕಟ್ಟಿದೆ. ಬೀಳಿಸಿದ್ದ ಅದೇ ತೋಟೆಯನ್ನು ಹುಲ್ಲಿನಿಂದ ಹೆಕ್ಕಿ ಒರೆಸಿ ಒಳಗೆ ಹಾಕಿದೆ. ಟ್ರಿಗರಿಗೆ ಹಗ್ಗ ಕಟ್ಟಿ, ಎಲ್ಲರನ್ನೂ ಗೋಡೆಯ ಈಚೆಗೆ ಕೂರಿಸಿ ಎಳೆದೆ. ತಿಂಗಳುಗಟ್ಟಲೆ ಅದರ ರುಚಿ ಹುಡುಕಿದ ರೈಫಲ್ ಅದು. ಹಗ್ಗ ಎಳೆಯುವಾಗ ಕೈ ಒಂದಿಷ್ಟೂ ಹಿಂಜರಿಯಲಿಲ್ಲ, ಅಷ್ಟು ಸಿಟ್ಟಿತ್ತು.

ಶಬ್ದ ಗುಂಡಿನದ್ದಾಗಿರಲಿಲ್ಲ. ಮರ ಸೀಳಿದ ಹಾಗೆ, ಅದರೊಳಗೆ ಕಬ್ಬಿಣ ಮುರಿದ ಹಾಗೆ. ಕುರಿಗಳು ಒಟ್ಟಿಗೆ ಎದ್ದು ಓಡಿದವು.

ಎದ್ದು ಹೋಗಿ ನೋಡಿದೆವು. ಮರದ ಹಿಡಿ ಉದ್ದಕ್ಕೆ ಸೀಳಿತ್ತು. ದುರ್ಬೀನು ಕಿತ್ತು ಎಲ್ಲಿಯೋ ಬಿದ್ದಿತ್ತು. ತೋಟೆ ಕೂರುವ ಮದ್ದಿನ ಮನೆಯ ಒಂದು ಬದಿ ಹರಿದು ಹೊರಕ್ಕೆ ಬಿಚ್ಚಿಕೊಂಡಿತ್ತು, ಹಿತ್ತಾಳೆಯ ಚೂರುಗಳು ಹಿಂದಿನ ಟೈರಿನೊಳಗೆ ಹೊಕ್ಕಿದ್ದವು. ಕೆನ್ನೆ ಇಡುವ ಜಾಗದ ಮರವೇ ಇರಲಿಲ್ಲ. ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಈಗ ಗೊತ್ತಾಯಿತಾ ಎಂದು ಮಾವನಿಗೆ ಕೇಳಬೇಕು, ಚೆನ್ನಾಗಿ ಕೇಳಬೇಕು ಎಂದು ನಾನು ತಿರುಗಿದೆ. ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು.

ಮಾವ ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹೋದ ಮರದ ಜಾಗದಲ್ಲಿ ಬೆರಳಾಡಿಸುತ್ತಿದ್ದರು. ತಮ್ಮ ಕೆನ್ನೆ ಮುಟ್ಟಿ ನೋಡಿಕೊಳ್ಳಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದರು, ಹುಬ್ಬಿನ ರಕ್ತ ನೋಡಿದರು.

"ನಾಳೆ ಕ್ಲಬ್ಬಿನಲ್ಲಿ ಹೊಡೆಯುದು ನೀನಲ್ವಾ?"

"ಹೌದು."

"ಇದೇ ಮದ್ದಿನ ತೋಟೆಯಾ?"

"ಇದೇ."

ಅವರು ಎದ್ದು ನಿಂತರು. ಹೊಗೆಸೊಪ್ಪು ಉಗುಳಿದರು. ಆಮೇಲೆ ಎರಡೂ ಕೈಯೆತ್ತಿ ತಮ್ಮ ಎರಡೂ ಕೆನ್ನೆಗೆ ಹೊಡೆದುಕೊಂಡರು, ದೇವರ ಮುಂದೆ ತಪ್ಪಾಯಿತು ಎಂದು ಜನ ಹೊಡೆದುಕೊಳ್ಳುತ್ತಾರಲ್ಲ, ಹಾಗೆ. ಆದರೆ ಅದು ಮೆಲ್ಲಗೆ ತಟ್ಟಿಕೊಳ್ಳುವುದಲ್ಲ. ಗದ್ದೆಯವನ ಕೈ ಮುರಿದ ಆ ಕೈಗಳು ಏನು ಮಾಡಬಲ್ಲವೋ ಅಷ್ಟನ್ನೂ ತಮ್ಮ ಮೇಲೆ ಮಾಡಿಕೊಂಡರು. ನಾನು ಒಡೆದಿದ್ದ ತುಟಿ ಮತ್ತೆ ಒಡೆದು ರಕ್ತ ಗದ್ದಕ್ಕೆ ಇಳಿಯಿತು, ಆದರೂ ನಿಲ್ಲಿಸಲಿಲ್ಲ. ಬಾಯಿ ಏನೋ ಹೇಳುತ್ತಿತ್ತು. ಕೇಳಿಸಿಕೊಂಡೆ. ನನ್ನನ್ನು ತೊಟ್ಟಿಲಲ್ಲಿ ಹಾಕಿದಾಗ ಕರೆಯುತ್ತಿದ್ದ ಹೆಸರು ಅದು, ಅಮ್ಮನೂ ಮರೆತಿರುವ ಹೆಸರು.

ಮುದುಕ ಮತ್ತೆ ಹಿಡಿಯಲು ಬಂದ. ಬೇಡ, ನೀನು ಹೋಗು ಎಂದೆ. ಮಾವನ ಒಂದು ಕೈಯನ್ನು ನಾನು ಎರಡೂ ಕೈಯಲ್ಲಿ ಹಿಡಿದೆ. ಇನ್ನೊಂದು ಕೈ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಅದಕ್ಕೂ ಅವರ ಕೆನ್ನೆಗೂ ನಡುವೆ ನನ್ನ ಮುಖವನ್ನೇ ಇಟ್ಟೆ. ಆಗ ನಿಂತಿತು.